ಪಾಲಿಗೆ ಬಂದ ಬುಗುರಿ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನಾನು 2005ರಲ್ಲಿ ಈ ಶಾಲೆಯಿಂದ ಎಸ್ಸೆಸ್ಸೆಲ್ಸಿ ಪಾಸಾದವನು. ಆಮೇಲೆ ಬಿ.ಇ. ಮಾಡಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆ. ಮಾತಾಡಲು ಕರೆದ ಸಮಿತಿಯವರು, ಕೃತಕ ಬುದ್ಧಿಮತ್ತೆಯ ಬಗ್ಗೆ ನಾಲ್ಕು ಮಾತು ಹೇಳಪ್ಪ ಅಂದರು. ಅದರ ಬಗ್ಗೆ ನನಗಿಂತ ನಿಮ್ಮ ಜೇಬಿನಲ್ಲಿರುವ ಮೊಬೈಲೇ ಚೆನ್ನಾಗಿ ಹೇಳುತ್ತದೆ. ಹಾಗಾಗಿ ಒಪ್ಪಿಗೆ ಕೇಳಿಕೊಂಡು ಬೇರೆ ವಿಷಯ ಆರಿಸಿಕೊಂಡಿದ್ದೇನೆ. ಕಳೆದ ವರ್ಷ ನಮ್ಮ ಮನೆಯಲ್ಲಿ ಐದು ತಿಂಗಳು ಇದ್ದ ಒಂದು ನಾಯಿಮರಿಯ ವಿಷಯ. ಅದಕ್ಕೆ ನೆಟ್ಟಗೆ ನಡೆಯಲು ಬರುತ್ತಿರಲಿಲ್ಲ. ಈಗಲೂ ಬರುವುದಿಲ್ಲ.

ನಾಯಿಮರಿಯ ಕತೆ ಹೇಳಲು ಇಷ್ಟು ದೂರ ಬಂದನೇ ಎಂದು ಹಿಂದಿನ ಸಾಲಿನವರು ನಗುತ್ತಿರುವುದು ಕಾಣುತ್ತಿದೆ. ನಗಿ, ಪರವಾಗಿಲ್ಲ.

ಇದನ್ನು ನಗರದಲ್ಲಿ ಫಾಸ್ಟರ್ ಮಾಡುವುದು ಅನ್ನುತ್ತಾರೆ. ಹೆಸರು ಹೊಸದು, ಕೆಲಸ ನಮ್ಮೂರಿಗೆ ಹೊಸದಲ್ಲ. ಒಬ್ಬರ ಹಸುಕರುವನ್ನು ಇನ್ನೊಬ್ಬರು ತಮ್ಮ ಕೊಟ್ಟಿಗೆಯಲ್ಲಿ ಕಟ್ಟಿಕೊಂಡು, ಹುಲ್ಲು ನೀರು ನೋಡಿಕೊಂಡು ಬೆಳೆಸಿ, ಮಾರಿದ ಮೇಲೆ ಬಂದ ದುಡ್ಡನ್ನು ಹಂಚಿಕೊಳ್ಳುವುದನ್ನು ಪಾಲಿಗೆ ಸಾಕುವುದು ಅನ್ನುತ್ತೇವಲ್ಲ, ಹೆಚ್ಚು ಕಡಿಮೆ ಅದೇ. ಹಂಚಿಕೊಳ್ಳಲು ದುಡ್ಡು ಇರುವುದಿಲ್ಲ, ಅಷ್ಟೇ ವ್ಯತ್ಯಾಸ. ಬೀದಿಯಲ್ಲಿ ಸಿಕ್ಕ ಎಳೆಯ ಮರಿಯನ್ನು ನಾಯಿಗಳು ತುಂಬಿರುವ ಆಶ್ರಯಧಾಮಕ್ಕೆ ನೇರವಾಗಿ ಬಿಟ್ಟರೆ ಕಷ್ಟ. ಲಸಿಕೆ ಆಗದ ಮರಿಗೆ ಪಾರ್ವೊ ಎಂಬ ರಕ್ತಭೇದಿಯ ರೋಗ ತಗುಲಿದರೆ ಉಳಿಯುವುದೇ ಅನುಮಾನ, ಆ ವೈರಸ್ಸು ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಅದಕ್ಕೇ ಕೆಲವರು ಮರಿಗಳನ್ನು ಕೆಲವು ವಾರ, ಕೆಲವು ತಿಂಗಳು ಮನೆಯಲ್ಲಿಟ್ಟು, ಜಂತುಹುಳುವಿನ ಔಷಧಿ ಕೊಟ್ಟು, ಲಸಿಕೆ ಹಾಕಿಸಿ, ಗಟ್ಟಿಯಾದ ಮೇಲೆ ಕಾಯಂ ಮನೆಗೆ ದಾಟಿಸುತ್ತಾರೆ. ಕೊಡಲೆಂದೇ ಸಾಕುವುದು. ನಾನು ನನ್ನ ಹೆಂಡತಿ ಇಬ್ಬರೂ ಅದಕ್ಕೆ ಮುಂಚೆ ಎರಡು ಮರಿಗಳನ್ನು ಹೀಗೆ ದಾಟಿಸಿದ್ದೆವು. ಅವೆರಡಕ್ಕೂ ನಾಲ್ಕು ಕಾಲು ನೆಟ್ಟಗಿದ್ದವು. ಎರಡೂ ತಿಂಗಳೊಳಗೆ ಮನೆ ಸೇರಿದವು. ಅವುಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ.

ಈ ಮೂರನೆಯದು ಸಿಕ್ಕಿದ್ದು ಆಷಾಢದ ಮಳೆಯಲ್ಲಿ. ನಮ್ಮ ಅಪಾರ್ಟ್‌ಮೆಂಟಿನ ಹಿಂದುಗಡೆ ಹೊಸ ಕಟ್ಟಡ ಏಳುತ್ತಿತ್ತು. ಕೆಲಸದವರೆಲ್ಲ ರಾಯಚೂರು, ಕಲಬುರಗಿ ಕಡೆಯವರು, ಅಲ್ಲೇ ತಗಡಿನ ಶೆಡ್ಡುಗಳಲ್ಲಿ ಸಂಸಾರ. ಸೆಂಟ್ರಿಂಗ್ ಹಲಗೆಗಳ ಸಂದಿಯಲ್ಲಿ ಒಂದು ಬೀದಿನಾಯಿ ನಾಲ್ಕು ಮರಿ ಹಾಕಿತ್ತು. ಒಂದು ದಿನ ತಾಯಿ ಹೋದದ್ದು ಹಿಂದಿರುಗಲಿಲ್ಲ. ಮೂರು ಮರಿಗಳನ್ನು ಯಾರ್ಯಾರೋ ಒಯ್ದರು. ನಾಲ್ಕನೆಯದನ್ನು ಯಾರೂ ಮುಟ್ಟಲಿಲ್ಲ. ಅದು ಕಂಠಪೂರ್ತಿ ಕುಡಿದವರ ಹಾಗೆ ನಡೆಯುತ್ತಿತ್ತು. ಕಾಲನ್ನು ಎತ್ತರಕ್ಕೆ ಎತ್ತಿ ಎಲ್ಲೋ ಇಡುತ್ತಿತ್ತು, ತಲೆ ಗಡಗಡ ನಡುಗುತ್ತಿತ್ತು, ನಾಲ್ಕು ಹೆಜ್ಜೆಗೆ ಒಂದು ಸಲ ಪಕ್ಕಕ್ಕೆ ಉರುಳುತ್ತಿತ್ತು. ನಮ್ಮ ಗೇಟಿನ ಕಾವಲುಗಾರ, "ಇದಕ್ಕೆ ಹುಚ್ಚು ಹಿಡಿದಿದೆ ಸಾರ್, ಯಾರಿಗಾದರೂ ಕಚ್ಚುವ ಮೊದಲು ಹೊಡೆದು ಹಾಕಿಬಿಡ್ತೀವಿ" ಅಂದ. ಅವನನ್ನು ದೂರಿ ಫಲವಿಲ್ಲ. ನಮ್ಮೂರಿನ ಬಸ್‌ಸ್ಟ್ಯಾಂಡಿನಲ್ಲಿ ಅಂಥ ಮರಿ ಕಂಡಿದ್ದರೆ ಅಷ್ಟು ಹೊತ್ತು ಮಾತೂ ನಡೆಯುತ್ತಿರಲಿಲ್ಲ. ಕಲ್ಲುಗಳೇ ಮಾತಾಡುತ್ತಿದ್ದವು.

ದಪ್ಪ ಕೈಚೀಲ ಹಾಕಿಕೊಂಡು ಅದನ್ನು ರಟ್ಟಿನ ಡಬ್ಬದಲ್ಲಿಟ್ಟು ಪಶುವೈದ್ಯರ ಹತ್ತಿರ ಒಯ್ದೆವು. ಅವರು ಅದನ್ನು ಮೇಜಿನ ಮೇಲೆ ಬಿಡಲಿಲ್ಲ, ನೆಲದ ಮೇಲೆ ಬಿಟ್ಟು ಹತ್ತು ನಿಮಿಷ ಸುಮ್ಮನೆ ನೋಡಿದರು. ಆಮೇಲೆ ಹೇಳಿದರು: ಇದು ರೇಬಿಸ್ ಇರಬಹುದು. ಡಿಸ್ಟೆಂಪರ್ ಎಂಬ ವೈರಸ್ ರೋಗ ನರಗಳಿಗೆ ಏರಿರಬಹುದು. ತಲೆಗೆ ಪೆಟ್ಟು ಬಿದ್ದಿರಬಹುದು. ಇಲ್ಲವೇ ಹುಟ್ಟಿನಿಂದ ಬಂದ ಊನ ಇರಬಹುದು. ಮೊದಲನೆಯದಾದರೆ ಸಾವು ಖಂಡಿತ. ಎರಡನೆಯದಾದರೆ ದಿನದಿಂದ ದಿನಕ್ಕೆ ಹೆಚ್ಚುತ್ತಾ ಹೋಗುವ ಭಯ, ಜೊತೆಗೆ ಬೇರೆ ನಾಯಿಗಳಿಗೂ ಅಂಟುತ್ತದೆ. ಕೊನೆಯದಾದರೆ ಹೆದರುವಂಥದ್ದೇನೂ ಇಲ್ಲ. "ಇದು ಯಾವಾಗಿನಿಂದ ಹೀಗಿದೆ? ಹೆಚ್ಚಾಗುತ್ತಾ ಬಂದಿದೆಯೋ, ಇದ್ದ ಹಾಗೇ ಇದೆಯೋ?" ಎಂದು ಕೇಳಿದರು. ನನ್ನ ಕಸುಬಿನಲ್ಲೂ ಮೊದಲ ಪ್ರಶ್ನೆ ಇದೇ. ಒಂದು ಪ್ರೋಗ್ರಾಂ ಕೆಟ್ಟಿತು ಅಂದರೆ ನಾವು ಕೇಳುವುದು, ಯಾವಾಗಿನಿಂದ ಎಂದು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ಇದ್ದದ್ದು ತಗಡಿನ ಶೆಡ್ಡಿನಲ್ಲಿ. ಇಟ್ಟಿಗೆ ಹೊರುವ ಒಬ್ಬ ಹೆಣ್ಣುಮಗಳು ತಾಯಿ ಇಲ್ಲದ ಆ ಮರಿಗೆ ಬಟ್ಟೆಯ ತುದಿಯನ್ನು ಹಾಲಿನಲ್ಲಿ ಅದ್ದಿ ಕುಡಿಸುತ್ತಿದ್ದರು. ಸಂಜೆ ಹೋಗಿ ಕೇಳಿದೆ. "ಕಣ್ ಬಿಟ್ಟು ನಡಿಯಾಕ ಸುರು ಮಾಡಿದಾಗಿಂದ ಹಿಂಗೇ ಐತ್ರೀ ಅಣ್ಣಾರ. ಹೆಚ್ಚೂ ಆಗಿಲ್ಲ, ಕಮ್ಮೀನೂ ಆಗಿಲ್ಲ. ಮಕ್ಕೊಂಡಾಗ ನಡುಗೂದು ಪೂರಾ ನಿಂತ ಬಿಡತೈತ್ರಿ" ಅಂದರು. ಮೂರು ವಾರದ ಮರಿಯಿಂದ ಆರು ವಾರದ ಮರಿಯವರೆಗೆ ದಿನಾ ನೋಡಿದ ಕಣ್ಣು ಅದು. ಫೋನಿನಲ್ಲೇ ವೈದ್ಯರಿಗೆ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. "ಮಲಗಿದಾಗ ನಿಲ್ಲುತ್ತೆ ಅಂದರಾ? ಅರ್ಧ ರೋಗಪತ್ತೆ ಆ ತಾಯಿಯೇ ಮಾಡಿದ್ದಾರೆ" ಅಂದರು. ಬೆಂಗಳೂರಿನಲ್ಲಿ ಮಿದುಳಿನ ಸ್ಕ್ಯಾನಿಂಗ್ ಯಂತ್ರಗಳಿಗೇನೂ ಬರವಿಲ್ಲ. ಆದರೆ ಆ ಮರಿಯ ಜೀವ ಉಳಿದದ್ದು ಆಕೆಯ ಆ ಮೂರು ಮಾತಿನಿಂದ ಎಂದು ನಾನು ಈಗಲೂ ಹೇಳುತ್ತೇನೆ.

ಆದರೂ ಎಚ್ಚರ ಬಿಡುವ ಹಾಗಿರಲಿಲ್ಲ. ರೇಬಿಸ್ ಲಕ್ಷಣ ಕಾಣಿಸಿಕೊಂಡ ನಾಯಿ ಸಾಮಾನ್ಯವಾಗಿ ಹತ್ತು ದಿನದೊಳಗೆ ಸಾಯುತ್ತದೆ. ಹಾಗಾಗಿ ಹತ್ತು ದಿನ ಮರಿಯನ್ನು ಬಟ್ಟೆ ಒಗೆಯುವ ಬಾಲ್ಕನಿಯಲ್ಲಿ ಒಂಟಿಯಾಗಿ ಇಟ್ಟೆವು. ನಾವಿಬ್ಬರೂ, ಆ ಹೆಣ್ಣುಮಗಳೂ, ಮರಿಯ ಜೊತೆ ಆಡಿದ್ದ ಆಕೆಯ ಇಬ್ಬರು ಮಕ್ಕಳೂ ಆರೋಗ್ಯ ಕೇಂದ್ರಕ್ಕೆ ಹೋಗಿ ರೇಬಿಸ್ ಲಸಿಕೆ ಹಾಕಿಸಿಕೊಂಡೆವು. ಅಲ್ಲಿ ಅದು ಉಚಿತ. ಮೊದಲ ದಿನ ಒಂದು, ಆಮೇಲೆ ಮೂರನೇ ದಿನ, ಏಳನೇ ದಿನ, ಇಪ್ಪತ್ತೆಂಟನೇ ದಿನ. ಆಕೆಗೆ ಲಸಿಕೆಯ ಭಯ ಇರಲಿಲ್ಲ, ಕೂಲಿ ಹೋಗುತ್ತದೆ ಎಂಬ ಭಯ ಇತ್ತು. ಮೇಸ್ತ್ರಿಯ ಹತ್ತಿರ ಮಾತಾಡಿದೆವು. ಮಾತಾಡಿದ್ದಕ್ಕಿಂತ ಜಗಳವಾಡಿದೆವು ಅನ್ನುವುದು ಸರಿ.

ಹತ್ತನೇ ದಿನ ಮರಿ ಬದುಕಿತ್ತು. ಅಷ್ಟೇ ಅಲ್ಲ, ಬಾಲ್ಕನಿಯ ನೆಲ ಒರೆಸುವ ಬಟ್ಟೆಯನ್ನು ಹರಿದು ಚಿಂದಿ ಮಾಡಿತ್ತು. ಜ್ವರ ಇಲ್ಲ, ಕಣ್ಣು ಮೂಗಿನಲ್ಲಿ ಪಿಸರು ಇಲ್ಲ, ನಡುಕ ಹೆಚ್ಚಿಲ್ಲ. ವೈದ್ಯರು ಅನುಮಸ್ತಿಷ್ಕ ಪೂರ್ತಿ ಬೆಳೆದಿಲ್ಲ ಅಂದರು.

ಅನುಮಸ್ತಿಷ್ಕ! ಹತ್ತನೇ ತರಗತಿಯಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಈ ಶಾಲೆಯ ಕಪ್ಪು ಹಲಗೆಯ ಮೇಲೆ ಮಿದುಳಿನ ಚಿತ್ರ ಬರೆದು, ಹಿಂದುಗಡೆ ಕೆಳಗೆ ಹೂಕೋಸಿನ ತುಂಡಿನ ಹಾಗೆ ಒಂದು ಭಾಗ ಬಿಡಿಸಿ, ದೇಹದ ಸಮತೋಲನ ಇದರ ಕೆಲಸ ಅಂದಿದ್ದರು. ಪರೀಕ್ಷೆಯಲ್ಲಿ ಅದಕ್ಕೆ ಅಂಕವೂ ಬಂದಿತ್ತು. ಆ ಭಾಗ ಬೆಳೆಯದಿದ್ದರೆ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ನೋಡಿದ್ದು ಇಪ್ಪತ್ತು ವರ್ಷದ ಮೇಲೆ. ಕಾಲಿನಲ್ಲಿ ಬಲ ಇದೆ, ಮೂಳೆ ಸರಿ ಇದೆ. ಎಷ್ಟು ಎತ್ತಬೇಕು, ಎಲ್ಲಿ ಇಡಬೇಕು ಎಂಬ ಲೆಕ್ಕ ಮಾತ್ರ ತಪ್ಪುತ್ತದೆ. ಸುಮ್ಮನೆ ಮಲಗಿದ್ದಾಗ ನಡುಕ ಇಲ್ಲ. ಏನನ್ನಾದರೂ ಮಾಡಬೇಕೆಂದು ಹೊರಟಾಗ, ಅದರಲ್ಲೂ ತಟ್ಟೆಯ ಕಡೆ ಬಾಯಿ ಹಾಕುವಾಗ ನಡುಕ ಜೋರಾಗುತ್ತದೆ. ಇದಕ್ಕೆ ಔಷಧಿ ಇಲ್ಲ. ಆದರೆ ಇದು ಹೆಚ್ಚಾಗುವುದೂ ಇಲ್ಲ, ನೋವೂ ಇಲ್ಲ. ಬೇರೆ ತೊಂದರೆ ಇಲ್ಲದಿದ್ದರೆ ಎಲ್ಲ ನಾಯಿಗಳ ಹಾಗೆ ಪೂರ್ತಿ ಆಯುಷ್ಯ ಬದುಕಬಹುದು. ನನ್ನ ಹೆಂಡತಿ ಅದಕ್ಕೆ ಬುಗುರಿ ಎಂದು ಹೆಸರಿಟ್ಟಳು. ವೇಗ ಕಡಿಮೆಯಾದ ಬುಗುರಿ ವಾಲುತ್ತಾ ವಾಲುತ್ತಾ ಸುತ್ತುವುದನ್ನು ಇಲ್ಲಿ ಆಡಿಸಿದವರೆಲ್ಲ ನೋಡಿದ್ದೀರಿ.

ಆಗ ಅಮ್ಮ ಕಣ್ಣಿನ ಪೊರೆಯ ಆಪರೇಷನ್ನಿಗೆ ಬಂದು ನಮ್ಮಲ್ಲೇ ಇದ್ದಳು. ಅಮ್ಮನ ಪ್ರಕಾರ ನಾಯಿಯ ಜಾಗ ಜಗಲಿಯ ಕೆಳಗೆ. ಅಡುಗೆಮನೆಯ ಹೊಸ್ತಿಲ ಹತ್ತಿರ ಅದು ಬಂದರೆ ಸೆರಗು ಎಳೆದುಕೊಂಡು ಕೂರುತ್ತಿದ್ದಳು. ಅಂಥವಳು ಒಂದು ದಿನ ಕಪ್ಪು ಕನ್ನಡಕ ಹಾಕಿಕೊಂಡೇ ಅದು ಹಾಲ್ ದಾಟುವುದನ್ನು ನೋಡುತ್ತಾ ಕೂತಿದ್ದಳು. ನಮ್ಮದು ನುಣುಪು ಟೈಲ್ಸಿನ ನೆಲ. ಮರಿ ಎದ್ದು, ಕಾಲು ನಾಲ್ಕು ದಿಕ್ಕಿಗೆ ಜಾರಿ, ಗದ್ದ ನೆಲಕ್ಕೆ ಬಡಿದು, ಮತ್ತೆ ಎದ್ದು, ಮತ್ತೆ ಬೀಳುತ್ತಿತ್ತು. "ಅಲ್ಲ ಕಣೋ, ಎಂಜಿನಿಯರ್ ಅಂತೀಯ, ಕರು ಹುಟ್ಟಿದಾಗ ಕೊಟ್ಟಿಗೆಯ ಚಪ್ಪಡಿ ಮೇಲೆ ಏನ್ ಹಾಕ್ತಾರೆ?" ಅಂದಳು. ಹುಲ್ಲು ಹರಡುತ್ತಾರೆ, ಇಲ್ಲವೇ ಗೋಣಿಚೀಲ. ಮಾರನೇ ದಿನ ಕಿರಾಣಿ ಅಂಗಡಿಯಿಂದ ಹದಿನಾಲ್ಕು ಗೋಣಿಚೀಲ ತಂದೆ. ಅಮ್ಮ ಅವನ್ನು ಬಿಚ್ಚಿ ಉದ್ದಕ್ಕೆ ಹೊಲಿದು ಬಾಲ್ಕನಿಯಿಂದ ಬಾಗಿಲಿನವರೆಗೆ ದಾರಿ ಮಾಡಿದಳು. ಹಾಲ್ ನೋಡಲು ಅಕ್ಕಿ ಮಿಲ್ಲಿನ ಹಾಗಾಯಿತು. ಆದರೆ ಗೋಣಿಯ ಮೇಲೆ ಉಗುರು ಕಚ್ಚುತ್ತಿತ್ತು. ಬೀಳುವುದು ಅರ್ಧಕ್ಕಿಂತ ಕಡಿಮೆಯಾಯಿತು.

ಊಟದ್ದು ದೊಡ್ಡ ಸಮಸ್ಯೆ. ತಲೆ ನಡುಗಿ ಮೂಗು ತಟ್ಟೆಗೆ ಬಡಿಯುತ್ತಿತ್ತು, ತಟ್ಟೆ ಓಡುತ್ತಿತ್ತು, ಮರಿ ಅದರ ಹಿಂದೆ ಓಡಲು ಹೋಗಿ ಬೀಳುತ್ತಿತ್ತು. ಅನ್ನ ಗೋಡೆಯ ಮೇಲೆಲ್ಲ. ಕೊನೆಗೆ ಎರಡು ಗೋಡೆ ಸೇರುವ ಮೂಲೆಯಲ್ಲಿ ಅದನ್ನು ನಿಲ್ಲಿಸಿದೆವು. ಒಂದು ಪಕ್ಕಕ್ಕೆ ಗೋಡೆ, ಇನ್ನೊಂದು ಪಕ್ಕಕ್ಕೆ ನನ್ನ ಕಾಲು. ಅಗಲವಾದ ಭಾರದ ತಟ್ಟೆಯನ್ನು ಎದೆಯ ಮಟ್ಟಕ್ಕೆ ಎತ್ತರಿಸಿ ಇಟ್ಟೆವು. ಊಟ ಗಟ್ಟಿ ಮುದ್ದೆಯಾಗಿದ್ದರೆ ಒಳ್ಳೆಯದು, ನೀರಾಗಿದ್ದರೆ ಮೂಗಿಗೆ ಏರುತ್ತದೆ. ನೀರಿನ ಬಟ್ಟಲು ತೀರಾ ಆಳವಿಲ್ಲದ್ದು. ಬಚ್ಚಲಿನಲ್ಲಿ ತುಂಬಿದ ಬಕೆಟ್ ಬಿಡುವ ಹಾಗಿಲ್ಲ, ಇಣುಕಿ ಬಿದ್ದರೆ ಎದ್ದು ಬರಲಾರದು. ಮೆಟ್ಟಿಲಿನ ಬಾಯಿಗೆ ಹಲಗೆ ಅಡ್ಡ. ಮೂತ್ರಕ್ಕೆ ಕೂತಾಗ ಹಿಂದುಗಡೆ ಕೈ ಆಸರೆ. ಬೆಳಿಗ್ಗೆ ಐದೂವರೆಗೆ, ಮಧ್ಯಾಹ್ನ, ಸಂಜೆ, ರಾತ್ರಿ ಹನ್ನೊಂದಕ್ಕೆ. ಆಫೀಸಿನ ಮೀಟಿಂಗಿನ ನಡುವೆ ಕ್ಯಾಮೆರಾ ಆರಿಸಿ ಎದ್ದು ಹೋಗುವುದನ್ನು ನನ್ನ ತಂಡದವರು ನೆಟ್‌ವರ್ಕ್ ತೊಂದರೆ ಎಂದುಕೊಂಡಿದ್ದರು.

ಪ್ರೀತಿಯಿಂದ ಸಾಕಿದರೆ ಎಲ್ಲ ಸರಿಯಾಗುತ್ತದೆ ಎಂದು ಕೆಲವರು ಹೇಳುತ್ತಾರೆ. ಪ್ರೀತಿಯಿಂದ ಅನುಮಸ್ತಿಷ್ಕ ಬೆಳೆಯುವುದಿಲ್ಲ. ಆದದ್ದೇನೆಂದರೆ, ಮರಿ ತನ್ನ ದೇಹವನ್ನು ತಾನೇ ಕಲಿತುಕೊಂಡಿತು. ಕಾಲುಗಳನ್ನು ಅಗಲಿಸಿ ನಿಲ್ಲುವುದನ್ನು ಕಲಿಯಿತು. ಹೊರಡುವ ಮೊದಲು ಒಂದು ಕ್ಷಣ ನಿಂತು, ಗೋಡೆಗೆ ಭುಜ ತಾಗಿಸಿ, ಗೋಡೆಯ ಗುಂಟ ಹೋಗುವುದನ್ನು ಕಲಿಯಿತು. ಬೀಳುವುದಾದರೆ ಯಾವ ಪಕ್ಕಕ್ಕೆ ಬೀಳಬೇಕು ಎಂಬುದನ್ನೂ ಕಲಿಯಿತು. ನಮ್ಮ ಕೆಲಸ ನೆಲ ಜಾರದ ಹಾಗೆ ನೋಡಿಕೊಳ್ಳುವುದಷ್ಟೇ. ಬಿದ್ದ ಕೂಡಲೇ ಓಡಿ ಎತ್ತುವುದನ್ನು ಅಮ್ಮ ಬಿಡುತ್ತಿರಲಿಲ್ಲ. "ತಡಿ, ಏಳ್ತದೆ" ಅನ್ನುತ್ತಿದ್ದಳು. ಏಳುತ್ತಿತ್ತು.

ಇದನ್ನು ಬದುಕಿಸಿ ಏನು ಪ್ರಯೋಜನ, ಇಂಜೆಕ್ಷನ್ ಕೊಟ್ಟು ಮಲಗಿಸಿಬಿಡಬಾರದೇ ಎಂದು ನಮ್ಮ ಕಟ್ಟಡದಲ್ಲಿ ಕೇಳಿದವರು ಉಂಟು. ಕೆಟ್ಟ ಮನಸ್ಸಿನಿಂದಲ್ಲ, ನೋಡಲಾಗದೆ. ತೀರದ ನೋವಿನಲ್ಲಿರುವ ಪ್ರಾಣಿಗೆ ವೈದ್ಯರು ಸುಖಮರಣ ಕೊಡುವುದು ಪಾಪ ಎಂದು ನಾನು ತಿಳಿದಿಲ್ಲ, ಅದೂ ಒಂದು ಕರುಣೆಯೇ. ಆದರೆ ಇಲ್ಲಿ ನೋವು ಯಾರಿಗೆ ಎಂದು ಕೇಳಬೇಕು. ಬುಗುರಿ ಬಿದ್ದ ಜಾಗದಲ್ಲೇ ಬಾಲ ಅಲ್ಲಾಡಿಸುತ್ತಿತ್ತು. ನೋವು ನೋಡುವವರಿಗೆ ಇತ್ತು.

ನಾಲ್ಕು ತಿಂಗಳಾಗುವ ಹೊತ್ತಿಗೆ ಲಸಿಕೆಗಳೆಲ್ಲ ಮುಗಿದವು. ಆರೇಳು ವಾರದಲ್ಲಿ ಶುರು ಮಾಡಿ ಮೂರು ನಾಲ್ಕು ವಾರಕ್ಕೊಂದರಂತೆ, ಮೂರು ತಿಂಗಳಾದ ಮೇಲೆ ರೇಬಿಸ್‌ದೂ ಸೇರಿ. ಈಗ ಕೊಡಬೇಕು. ಪಾಲಿಗೆ ಸಾಕುವುದರಲ್ಲಿ ಕಷ್ಟದ ಭಾಗ ಇದೇ. ಬುಗುರಿಯ ಫೋಟೋ ನೋಡಿ ತುಂಬಾ ಜನ ಫೋನ್ ಮಾಡಿದರು. ಫೋಟೋದಲ್ಲಿ ನಡುಕ ಕಾಣುವುದಿಲ್ಲವಲ್ಲ. ವಿಡಿಯೋ ಕಳಿಸಿದ ಮೇಲೆ ಮೂರು ಜನ ಉಳಿದರು. ಒಬ್ಬರ ಮನೆ ಮೂರನೇ ಮಹಡಿ, ಬಾಲ್ಕನಿಯ ಕಂಬಿಗಳ ಸಂದಿ ಅಗಲ. ಇನ್ನೊಬ್ಬರು ಅದರ ವಿಡಿಯೋ ಮಾಡಿ ಹಾಕಿದರೆ ಎಷ್ಟು ಜನ ನೋಡಬಹುದು ಎಂದು ಎರಡು ಸಲ ಕೇಳಿದರು. ಇಬ್ಬರಿಗೂ ಕೈ ಮುಗಿದೆವು.

ಮೂರನೆಯವರು ಆನೇಕಲ್ ಕಡೆಯ ಒಬ್ಬ ಟೈಲರ್ ಅಮ್ಮ. ಮನೆಯಲ್ಲೇ ಹೊಲಿಗೆ, ದಿನವಿಡೀ ಮನೆಯಲ್ಲೇ ಇರುವವರು. ಅವರು ಒಂದು ಸಲವೂ "ಪಾಪ" ಅನ್ನಲಿಲ್ಲ. "ರಾತ್ರಿ ನೀರು ಎಷ್ಟು ಹೊತ್ತಿಗೆ ನಿಲ್ಲಿಸ್ತೀರಿ? ಯಾವ ಕಡೆಗೆ ಜಾಸ್ತಿ ಬೀಳ್ತದೆ? ಹೊಲಿಗೆ ಮೆಷಿನ್ ಸದ್ದಿಗೆ ಹೆದರ್ತದಾ?" ಎಂದು ಕೇಳಿದರು. ಬಲಕ್ಕೆ ಜಾಸ್ತಿ ಬೀಳುತ್ತಿತ್ತು. ಅದನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಮನೆ ನೋಡಲು ಹೋದೆವು. ನೆಲದ ಮನೆ, ಸುತ್ತ ಗೋಡೆ ಇರುವ ಮಣ್ಣಿನ ಅಂಗಳ, ಹಲ್ಲು ಉದುರಿದ ಒಂದು ಮುದಿ ನಾಯಿ. ಬುಗುರಿಯನ್ನು ಮಣ್ಣಿನ ಮೇಲೆ ಬಿಟ್ಟೆವು. ಅದುವರೆಗೆ ಟೈಲ್ಸು, ಗೋಣಿ ಬಿಟ್ಟು ಬೇರೆ ನೆಲವನ್ನು ಅದು ಸರಿಯಾಗಿ ಕಂಡೇ ಇರಲಿಲ್ಲ. ಒಂದು ಸಲ ಮೂಸಿತು, ಕಾಲು ಅಗಲಿಸಿತು, ಓಡಿತು. ನಡೆದದ್ದಲ್ಲ, ಓಡಿದ್ದು. ವಾಲುತ್ತಾ, ಸೊಟ್ಟಗೆ, ಅಂಗಳದ ಆ ತುದಿಯವರೆಗೆ. ಅಲ್ಲಿ ತಿರುಗಲು ಹೋಗಿ ಬಲಕ್ಕೆ ಬಿತ್ತು. ಮುದಿ ನಾಯಿ ಎದ್ದು ಹೋಗಿ ಮೂಸಿ ನೋಡಿ ವಾಪಸು ಬಂದು ಮಲಗಿತು.

ಒಂದು ವಾರ ಬಿಟ್ಟು ಕೊಟ್ಟು ಬಂದೆವು. ತಟ್ಟೆ, ಬಟ್ಟಲು, ಲಸಿಕೆ ಪುಸ್ತಕ, ಒಂದು ಹಾಳೆಯಲ್ಲಿ ಅದರ ದಿನಚರಿ. ಐದು ತಿಂಗಳು ಸಾಕಿ ಕೊಟ್ಟುಬಿಡಲು ಮನಸ್ಸು ಹೇಗೆ ಬರುತ್ತದೆ ಎಂದು ನನ್ನನ್ನು ಬಹಳ ಜನ ಕೇಳಿದ್ದಾರೆ. ಮನಸ್ಸು ಬರುವುದಿಲ್ಲ. ಮೂರನೇ ಮಹಡಿಯ ಟೈಲ್ಸಿನ ಮನೆಯಲ್ಲಿ, ಹತ್ತು ಗಂಟೆ ಕೆಲಸ ಮಾಡುವ ನಮ್ಮಿಬ್ಬರ ಜೊತೆ ಅದರ ಬದುಕು ಚೆನ್ನೋ, ಆ ಮಣ್ಣಿನ ಅಂಗಳದಲ್ಲಿ ಚೆನ್ನೋ ಎಂಬುದು ಮನಸ್ಸಿನ ಪ್ರಶ್ನೆ ಅಲ್ಲ. ಈ ಶಾಲೆಯ ಮೇಷ್ಟ್ರುಗಳಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಪ್ರತಿ ವರ್ಷ ಒಂದು ಬ್ಯಾಚ್ ಕಳಿಸಿ ಜೂನ್‌ನಲ್ಲಿ ಇನ್ನೊಂದಕ್ಕೆ ಹಾಜರಿ ಕೂಗುವವರು ಅವರು. ಆ ರಾತ್ರಿ ಊರಿನಿಂದ ಅಮ್ಮ ಫೋನ್ ಮಾಡಿದಳು. "ಗೋಣಿಚೀಲ ಬಿಸಾಕಬೇಡ. ಒಗೆದು ಮಡಿಸಿಡು" ಅಂದಳು.

ನಮ್ಮೂರಿನ ವಿಷಯಕ್ಕೆ ಬಂದು ಮುಗಿಸುತ್ತೇನೆ. ಮಕ್ಕಳೇ, ತೂರಾಡುವ ನಾಯಿ ಕಂಡರೆ ಅದು ಬುಗುರಿಯ ಥರದ್ದೇ ಇರಬೇಕು ಎಂದು ಹೋಗಿ ಎತ್ತಿಕೊಳ್ಳಬೇಡಿ, ಅದು ನಿಜವಾಗಿ ರೇಬಿಸ್ ಇರಬಹುದು. ಕಲ್ಲೂ ಹೊಡೆಯಬೇಡಿ. ದೂರ ನಿಂತು ದೊಡ್ಡವರಿಗೆ ಹೇಳಿ, ಪಶು ಆಸ್ಪತ್ರೆಗೆ ತಿಳಿಸಲು ಹೇಳಿ. ಯಾವುದೇ ನಾಯಿ ಕಚ್ಚಿದರೆ, ಪರಚಿದರೆ, ಮರಿಯೇ ಆಗಿರಲಿ, ಮನೆಯ ನಾಯಿಯೇ ಆಗಿರಲಿ, ಮೊದಲು ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು. ಸುಣ್ಣ, ಅರಿಶಿನ, ಖಾರದ ಪುಡಿ ಯಾವುದೂ ಬೇಡ. ಆಮೇಲೆ ನೇರ ಆಸ್ಪತ್ರೆಗೆ. ಮನೆಯಲ್ಲಿ ಬೈತಾರೆ ಎಂದು ಮುಚ್ಚಿಡಬೇಡಿ. ಈ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸಿಕೊಳ್ಳುವುದು ವೈದ್ಯರ ಕೈಯಲ್ಲೂ ಇಲ್ಲ, ಮೊದಲೇ ಲಸಿಕೆ ತೆಗೆದುಕೊಂಡರೆ ತಡೆಯಬಹುದು.

ಮನುಷ್ಯರಿಗೆ ಈ ಲಸಿಕೆ ಮೊದಲು ಕೊಟ್ಟದ್ದು ಲೂಯಿ ಪಾಶ್ಚರ್, 1885ರಲ್ಲಿ. ಅವರು ತೀರಿಕೊಂಡ ದಿನವಾದ ಸೆಪ್ಟೆಂಬರ್ 28ನ್ನು ವಿಶ್ವ ರೇಬಿಸ್ ದಿನವೆಂದು ಆಚರಿಸುತ್ತಾರೆ. ನಮ್ಮ 2005ರ ಬ್ಯಾಚಿನವರು ನಿನ್ನೆ ರಾತ್ರಿ ಕೂತು ಮಾತಾಡಿದೆವು. ಮುಖ್ಯೋಪಾಧ್ಯಾಯರೂ ಪಂಚಾಯಿತಿಯವರೂ ಒಪ್ಪಿದರೆ ಪ್ರತಿ ವರ್ಷ ಆ ದಿನದ ಆಸುಪಾಸು ಊರಿನ ನಾಯಿಗಳಿಗೆ ರೇಬಿಸ್ ಲಸಿಕೆ ಹಾಕಿಸುವ ಖರ್ಚು ನಮ್ಮದು. ನಾಯಿ ಹಿಡಿದು ತರುವುದು ಮಾತ್ರ ನಿಮ್ಮದು. ಅದರಲ್ಲಿ ನಮ್ಮೂರಿನ ಹುಡುಗರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಮನೆಗೆ ಈಗ ಇನ್ನೊಂದು ಬಂದಿದೆ. ಲಾರಿಗೆ ಸಿಕ್ಕಿ ಮುಂಗಾಲು ಒಂದನ್ನು ತೆಗೆದಿದ್ದಾರೆ, ಹೊಲಿಗೆ ಬಿಚ್ಚಲು ನಾಲ್ಕು ದಿನ ಬಾಕಿ. ಗೋಣಿಚೀಲಗಳನ್ನು ಮತ್ತೆ ಹಾಸಿದ್ದೇವೆ. ರಾತ್ರಿ ಹನ್ನೊಂದರ ಔಷಧಿ ನನ್ನ ಸರದಿ, ಆದ್ದರಿಂದ ಊಟ ಮುಗಿಸಿ ನಾಲ್ಕು ಗಂಟೆಯ ಬಸ್ಸಿಗೆ ಹೊರಡುತ್ತೇನೆ. ಅಲ್ಲಿಯವರೆಗೆ ಹಳೆಯ ಎಂಟನೇ ತರಗತಿಯ ಜಗಲಿಯ ಮೇಲೆ ಕೂತಿರುತ್ತೇನೆ. ಬುಗುರಿ ಅಂಗಳದಲ್ಲಿ ಓಡುವ ವಿಡಿಯೋ ನೋಡಬೇಕೆನ್ನುವ ಮಕ್ಕಳು ಬನ್ನಿ.